ಅಕ್ಕಣಿಯ ಕುಡಿಹಗ್ಗ

ಏಳನೆಯ ಅಟ್ಟ, ಹಗ್ಗದ ಕಟ್ಟೆ
ನೀರೇರಿದ ಇನ್ನೂರ ಹದಿನಾಲ್ಕನೆಯ ವರ್ಷ, ಇಪ್ಪತ್ತೊಂದನೆಯ ತಿಂಗಳು, ಇಳಿತದ ಮೂರನೆಯ ದಿನ

ನಮ್ಮ ಕೆಳಗಿರುವ ಹಿಂದಿನವರಿಗೆ,

ಈ ತಾರೀಖು ನೋಡಿ, ಬರೆದವನಿಗೆ ತಲೆ ಕೆಟ್ಟಿರಬೇಕು ಎಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರುಗಳು ಅವು ತೂಗುತ್ತಿದ್ದ ಗೋಡೆಗಳ ಸಮೇತ ನೀರೊಳಗೆ ಹೋದ ಮೇಲೆ, ನಾವು ಅಮಾವಾಸ್ಯೆಯಿಂದ ಹುಣ್ಣಿಮೆಗೆ ಒಂದು ತಿಂಗಳು, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಇನ್ನೊಂದು ತಿಂಗಳು ಎಂದು ಎಣಿಸುತ್ತ ಬಂದಿದ್ದೇವೆ. ನೀರಿನ ಮೇಲೆ ಬದುಕುವವರಿಗೆ ಭರತ ಯಾವಾಗ, ಇಳಿತ ಯಾವಾಗ ಎಂದು ತಿಳಿದರೆ ಸಾಕು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ಇಷ್ಟು ವರ್ಷಗಳಲ್ಲಿ ಭಾಷೆಯೂ ಸಾಕಷ್ಟು ಉಪ್ಪುನೀರು ಕುಡಿದಿದೆ. ಅದಕ್ಕೆ ಕ್ಷಮೆ ಇರಲಿ. ಈ ಪತ್ರದಲ್ಲಿ ನಮ್ಮ ಹಿರಿಯರ ಕೈಗೆ ಸಿಗುವ ಕ್ಷಮೆ ಅದೊಂದೇ.

ನನ್ನ ಹೆಸರು ಸುಕ್ರ. ಎಲ್ಲರೂ ಹಗ್ಗದ ಸುಕ್ರ ಎನ್ನುತ್ತಾರೆ, ಏಕೆಂದರೆ ನಮ್ಮ ಹನ್ನೆರಡು ಅಟ್ಟಗಳನ್ನು ಒಂದಕ್ಕೊಂದು ಕಟ್ಟಿ ನಿಲ್ಲಿಸಿರುವ ತೆಂಗಿನ ನಾರಿನ ಹಗ್ಗಗಳನ್ನು ಹೊಸೆಯುವವನು, ಗಂಟು ಹಾಕುವವನು, ಮಳೆಗಾಲಕ್ಕೆ ಮೊದಲು ಅವನ್ನೆಲ್ಲ ಮುಟ್ಟಿ ನೋಡುವವನು ನಾನು. ಅಟ್ಟ ಎಂದರೆ ನಿಮ್ಮ ಮನೆಯ ಮೇಲಿನ ಹಳೆ ಪಾತ್ರೆ ಇಡುವ ಜಾಗವಲ್ಲ. ಕಬ್ಬಿಣದ ಕಂಬಗಳ ಮೇಲೆ ಬಿದಿರು, ಹಲಗೆ ಹಾಸಿ ಕಟ್ಟಿದ ಊರು. ಒಂದೊಂದರ ಮೇಲೆ ಅರವತ್ತು ಎಪ್ಪತ್ತು ಮನೆ, ಒಂದು ಅಡುಗೆಚಪ್ಪರ, ಮಳೆನೀರಿನ ತೊಟ್ಟಿ, ಮಣ್ಣು ತುಂಬಿದ ದೋಣಿಗಳಲ್ಲಿ ಬಸಳೆ ಮತ್ತು ಹರಿವೆ. ಇಳಿತದ ದಿನ ನೀರು ತಿಳಿಯಾಗಿದ್ದರೆ ನಿಮ್ಮ ಹೆದ್ದಾರಿಯ ಮೇಲುಸೇತುವೆ ಕಾಣುತ್ತದೆ. ಅದರ ಮೇಲೆ ನಾವು ಏಡಿ ಹಿಡಿಯುತ್ತೇವೆ. ನಿಮಗೆ ಅದು ಯಾವ ಕೆಲಸಕ್ಕೆ ಬಂತೋ ಗೊತ್ತಿಲ್ಲ, ಏಡಿಗಳಿಗಂತೂ ಬಹಳ ಒಗ್ಗಿದೆ.

ಈ ಪತ್ರ ನಾನಾಗಿ ಬರೆಯುತ್ತಿರುವುದಲ್ಲ, ನನಗೆ ಕೊಟ್ಟ ಶಿಕ್ಷೆ. ನಮ್ಮಲ್ಲಿ ತಪ್ಪು ಮಾಡಿದವನು ಹಿಂದಿನವರಿಗೆ ಒಂದು ತಪ್ಪೊಪ್ಪಿಗೆ ಬರೆದು, ಗಾಜಿನ ಭರಣಿಯಲ್ಲಿಟ್ಟು ಮೇಣ ಹಚ್ಚಿ, ಕಲ್ಲು ಕಟ್ಟಿ ನಿಮ್ಮ ಬೀದಿಗೆ ಇಳಿಸಬೇಕು. ಕ್ಷಮಿಸುವ ಯೋಗ್ಯತೆ ನಿಮಗಿದೆ ಎಂದು ಈ ಪದ್ಧತಿ ಹುಟ್ಟಿದ್ದಲ್ಲ. ನೀವು ತಿರುಗಿ ಮಾತಾಡುವುದಿಲ್ಲ, ಆದ್ದರಿಂದ ಬರೆಯುವವನು ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಹಿರಿಯರ ನಂಬಿಕೆ. ಏಳನೆಯ ಅಟ್ಟದ ಹಿರಿಯಳಾದ ದುಗ್ಗಮ್ಮ ನನಗೆ ಹೇಳಿದ್ದು, ನಡೆದದ್ದನ್ನು ನಡೆದ ಹಾಗೆ ಬರೆದು ಕೊನೆಗೆ ಕ್ಷಮೆ ಕೇಳಬೇಕೆಂದು. ಮೊದಲನೆಯದನ್ನು ಮಾಡುತ್ತೇನೆ. ಎರಡನೆಯದನ್ನು ಅವಳು ಬೇಕಾದರೆ ತನ್ನ ಅಕ್ಷರದಲ್ಲೇ ಬರೆದುಕೊಳ್ಳಲಿ.

ಮೊದಲು ಕುಡಿಹಗ್ಗ ಎಂದರೇನೆಂದು ಹೇಳಬೇಕು. ನೀರೇರಿದ ಮೊದಮೊದಲ ವರ್ಷಗಳಲ್ಲಿ, ಅಟ್ಟಗಳಿಗೆ ಇನ್ನೂ ಸರಿಯಾದ ಕಟಕಟೆ ಇರಲಿಲ್ಲ. ಒಂದೇ ಮಳೆಗಾಲದಲ್ಲಿ ಎಂಬತ್ತನಾಲ್ಕು ಮಕ್ಕಳು ಹಲಗೆಗಳ ಸಂದಿಯಿಂದ, ಅಂಚಿನಿಂದ ಬಿದ್ದು ಹೋದವಂತೆ. ಅಂದಿನಿಂದ ಮಗು ಮೊದಲ ಹೆಜ್ಜೆ ಇಟ್ಟ ದಿನವೇ ಅದರ ಸೊಂಟಕ್ಕೆ ಒಂದು ಹಗ್ಗ ಕಟ್ಟುತ್ತೇವೆ. ಹಗ್ಗದ ಇನ್ನೊಂದು ತುದಿ ಅಪ್ಪನ ಅಥವಾ ಅಮ್ಮನ ನಡುಪಟ್ಟಿಯ ಕಬ್ಬಿಣದ ಬಳೆಗೆ ಸೇರಿರುತ್ತದೆ. ನಡುಪಟ್ಟಿಯನ್ನು ಬೆನ್ನ ಹಿಂದೆ ಒಂದು ಮರದ ಬೆಣೆ ಸಿಕ್ಕಿಸಿ ಬಿಗಿಯುತ್ತಾರೆ, ಮುಂದಿದ್ದರೆ ಕೆಲಸದ ನಡುವೆ ಯಾವುದಕ್ಕಾದರೂ ಸಿಕ್ಕಿ ಕಳಚೀತು ಎಂದು. ಮನೆಯೊಳಗೆ, ಬಲೆ ಹಾಕಿದ ಆಟದ ಅಂಗಳದಲ್ಲಿ ಹಗ್ಗ ಕಳಚಿಡಬಹುದು. ಹೊರಗೆ ಕಾಲಿಟ್ಟರೆ ಕಟ್ಟಲೇಬೇಕು, ಹದಿನಾಲ್ಕು ತುಂಬುವವರೆಗೆ.

ನಾನು ಈ ಪಟ್ಟಿಯನ್ನು ಇಪ್ಪತ್ತೇಳು ವರ್ಷ ಕಟ್ಟಿದೆ. ಮೊದಲು ಸುಕನ್ಯಾ, ಅವಳಾದ ಮೂರು ವರ್ಷದ ನಂತರ ಗೋಪು, ಸುಕನ್ಯಾಳಿಗೆ ಹದಿನಾಲ್ಕು ತುಂಬುವ ಹೊತ್ತಿಗೆ, ಯಾರೂ ನಿರೀಕ್ಷಿಸದಿದ್ದಾಗ, ಅಕ್ಕಣಿ. ಹೆಂಡತಿ ದೇವಕಿಯೂ ಕಟ್ಟುತ್ತಿದ್ದಳು; ಒಂದು ದಿನ ಅವಳು, ಒಂದು ದಿನ ನಾನು. ಇಪ್ಪತ್ತೇಳು ವರ್ಷ ಯಾರೋ ನಿಮ್ಮ ಸೊಂಟವನ್ನು ಹಿಡಿದು ಎಳೆಯುತ್ತಲೇ ಇರುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗಂಟು ಹಾಕುವಾಗ ಎಳೆತ, ಊಟಕ್ಕೆ ಕೂತಾಗ ಎಳೆತ, ಯಾರೊಡನೆಯೋ ಜಗಳಕ್ಕೆ ನಿಂತು ಒಳ್ಳೆಯ ಮಾತು ನಾಲಿಗೆ ತುದಿಗೆ ಬಂದಾಗ ಎಳೆತ. ಅಕ್ಕಣಿ ಮೂರು ವರ್ಷದವಳಿದ್ದಾಗ ಒಂದು ಬೆಳ್ಳಕ್ಕಿಯ ಹಿಂದೆ ಓಡಿ ನನ್ನನ್ನು ನೀರಿಗೇ ಬೀಳಿಸಿದ್ದಾಳೆ. ಅಂಚಿನಲ್ಲಿ ನಿಂತು ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಎಷ್ಟೋ ಸಲ ಈ ದರಿದ್ರ ಹಗ್ಗ ಯಾವಾಗ ಹೋಗುತ್ತದೋ ಎಂದು ಬಾಯಿಬಿಟ್ಟು ಶಪಿಸಿದ್ದೇನೆ. ಅದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಬೇಡವಾಗಿತ್ತು ಎಂಬುದೂ ನಿಜ, ಬಿಟ್ಟುಕೊಡಲಾಗಲಿಲ್ಲ ಎಂಬುದೂ ನಿಜ. ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ದುಗ್ಗಮ್ಮ ಸಭೆಯಲ್ಲಿ ಕೇಳಿದಳು. ನಾನು ಆರಿಸುವುದಿಲ್ಲ ಎಂದೆ.

ಹದಿನಾಲ್ಕು ತುಂಬಿದ ಮೇಲೆ ಬರುವ ಮೊದಲ ದೊಡ್ಡ ಭರತಕ್ಕೆ ಬಿಚ್ಚುಹಬ್ಬ. ಇಡೀ ಅಟ್ಟ ಸೇರುತ್ತದೆ. ಅಡುಗೆಚಪ್ಪರದಲ್ಲಿ ಒಣಸೀಗಡಿ ಚಟ್ನಿ, ಕಡುಬು. ಅಂದು ಅಪ್ಪ ಅಥವಾ ಅಮ್ಮ ಎಲ್ಲರ ಎದುರಿಗೆ ಕೊನೆಯ ಸಲ ಮಗುವಿನ ಸೊಂಟಕ್ಕೆ ಗಂಟು ಹಾಕಬೇಕು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡುತ್ತಾರೆ. ಅದು ತುಂಬಿ ಮುಳುಗುವುದರೊಳಗೆ ಮಗು ತನ್ನನ್ನು ಬಿಡಿಸಿಕೊಂಡು, ಅಟ್ಟದ ಅಂಚಿನ ಉದ್ದ ಹಲಗೆಯನ್ನು ಒಂಟಿಯಾಗಿ ದಾಟಿ ಆಚೆ ನಿಲ್ಲಬೇಕು. ಆಗದಿದ್ದರೆ ಇನ್ನೊಂದು ವರ್ಷ ಹಗ್ಗದಲ್ಲಿ. ನಿಯಮ ಎರಡೇ: ಬಿಚ್ಚುವವರು ಚಾಕು ಮುಟ್ಟಬಾರದು, ಕಟ್ಟುವವರ ಹಗ್ಗ ಒಣಗಿರಬೇಕು. ಯಾವ ಗಂಟು ಎಂಬುದು ಕಟ್ಟುವವರಿಗೆ ಬಿಟ್ಟದ್ದು. ಸಾಮಾನ್ಯವಾಗಿ ಎಲ್ಲರೂ ಏಡಿಗಂಟು ಹಾಕುತ್ತಾರೆ, ನೋಡಲು ಭಯಂಕರ, ಒಂದು ಕಾಲು ಎಳೆದರೆ ಎಲ್ಲ ಸಡಿಲ.

ಸುಕನ್ಯಾಳಿಗೆ ನಾನು ಏಡಿಗಂಟನ್ನೂ ಹಾಕಲಿಲ್ಲ. ಆಗ ಅಕ್ಕಣಿ ಹುಟ್ಟಿ ಹನ್ನೊಂದು ದಿನವಾಗಿತ್ತು, ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಒಂದು ಹಗ್ಗವಾದರೂ ಕಮ್ಮಿಯಾಗಲಿ ಎಂದು ನಾನು ಬಟ್ಟೆ ಒಣಹಾಕುವ ದಾರಕ್ಕೆ ಹಾಕುವಂಥ ಒಂದು ಸುತ್ತು ಸುತ್ತಿಬಿಟ್ಟೆ. ಅವಳು ಬೆರಳಿಡುತ್ತಲೇ ಬಿಚ್ಚಿಕೊಂಡಿತು. ಜನ ಕೇಕೆ ಹಾಕಿದರು. ಅವಳು ನಗಲಿಲ್ಲ ಎಂಬುದನ್ನು ನಾನು ಗಮನಿಸಲೂ ಇಲ್ಲ. ಗೋಪುವಿಗೆ ಏಡಿಗಂಟು ಹಾಕಿದೆ. ಅವನು ಬಿಚ್ಚಿದವನೇ ಹಲಗೆ ದಾಟುವ ಬದಲು ನೀರಿಗೆ ಹಾರಿ ಈಜಿ ಆಚೆ ಹತ್ತಿದ. ಅವನ ವಿಷಯ ಅಷ್ಟೇ. ಅವನಿಗೆ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಅಭ್ಯಾಸವಿಲ್ಲ.

ಈ ವರ್ಷ ಅಕ್ಕಣಿಯ ಬಿಚ್ಚುಹಬ್ಬಕ್ಕೆ ಎರಡು ತಿಂಗಳು ಇದ್ದಾಗ ಸುಕನ್ಯಾ ತನ್ನ ಮಗನಿಗೆ ಕುಡಿಹಗ್ಗ ಹೊಸೆಸಿಕೊಳ್ಳಲು ನನ್ನ ಕಟ್ಟೆಗೆ ಬಂದಳು. ಮಗು ಆಗಷ್ಟೇ ನಿಲ್ಲಲು ಕಲಿಯುತ್ತಿತ್ತು. ನಾನು ನಾರು ಬಿಡಿಸುತ್ತ, ಅಕ್ಕಣಿಗೆ ಯಾವ ಗಂಟು ಹಾಕಲಿ ಎಂದು ಯೋಚನೆಯಾಗಿದೆ ಎಂದೆ, ಸುಮ್ಮನೆ ಮಾತಿಗೆ. ಅವಳು ಮಗುವಿನ ಮೂಗು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ನನ್ ಗಂಟ್ ಉಫ್ ಅಂದ್ರೆ ಬಿಚ್ಚುವಂಗಿತ್ತ್ ಅಪ್ಪಯ್ಯ. ನನ್ನ್ ಕಳ್ಸೂಕೆ ಅಷ್ಟ್ ಅರ್ಜೆಂಟ್ ಇತ್ತಾ ನಿಂಗೆ?"

ಹದಿನಾಲ್ಕು ವರ್ಷ ಅವಳು ಈ ಮಾತನ್ನು ಒಳಗೆ ಇಟ್ಟುಕೊಂಡಿದ್ದಳು. ನಾನು ತಮಾಷೆ ಮಾಡಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಮಗು ಸುಲಭವಾಗಿ ಬಿಚ್ಚಿಕೊಳ್ಳಲಿ ಎಂದು ಸಡಿಲ ಕಟ್ಟುವುದೇ ಪ್ರೀತಿ ಎಂದು ನಮ್ಮವರೆಲ್ಲ ಹೇಳುತ್ತಾರೆ. ಕಟ್ಟಿಸಿಕೊಂಡವಳಿಗೆ ಅದು ಹೇಗೆ ಕಂಡಿತ್ತೆಂದು ಯಾರೂ ಕೇಳಿರಲಿಲ್ಲ. ಆ ಮಧ್ಯಾಹ್ನ ಅವಳ ಮಗನ ಹಗ್ಗ ಹೊಸೆಯುತ್ತಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿದೆ: ಅಕ್ಕಣಿಗೆ ನನಗೆ ಗೊತ್ತಿರುವುದರಲ್ಲೇ ಗಟ್ಟಿಯಾದ ಗಂಟು. ಅದು ಮಳೆಗಂಟು. ಅಟ್ಟಗಳನ್ನು ಆಷಾಢದ ಗಾಳಿಗೆ ಬಿಗಿಯಲು ನಾನೇ ಕಟ್ಟಿ ಕಟ್ಟಿ ರೂಢಿ ಮಾಡಿದ್ದು, ಒಂಬತ್ತು ಸುತ್ತು, ಮೂರು ಒಳಹಾಯಿಕೆ. ನನ್ನ ಕೈಕೆಳಗೆ ಕೆಲಸ ಮಾಡಿದ ಯಾರಿಗೂ ಅದು ಪೂರ್ತಿ ಬಂದಿಲ್ಲ.

ಅಕ್ಕಣಿಯ ಬಗ್ಗೆ ಬರೆಯದೆ ಮುಂದೆ ಹೋಗುವಂತಿಲ್ಲ. ಅವಳದು ನನ್ನ ಅಜ್ಜಿಯ ಅಜ್ಜಿಯ ಹೆಸರು. ಸಣ್ಣ ಕಣ್ಣು, ದೊಡ್ಡ ಹಣೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಉಸಿರು ಸುಮ್ಮನಿರುವ ಸ್ವಭಾವ. ದೇವಕಿಯ ಪಾಳಿಯ ದಿನಗಳನ್ನೂ ನಾನೇ ಕೇಳಿ ತೆಗೆದುಕೊಂಡಿದ್ದರಿಂದ ಅವಳು ನನ್ನ ಕಟ್ಟೆಯ ಪಕ್ಕದಲ್ಲೇ, ಹಗ್ಗದ ಆರು ಮೊಳದೊಳಗೇ ಬೆಳೆದಳು. ನಾರಿನ ಗುಡ್ಡೆಯ ಮೇಲೆ ಮಲಗಿ ಓದು ಕಲಿತಳು. ಎಂಟನೆಯ ವಯಸ್ಸಿನಿಂದ ಅವಳಿಗೆ ಒಂದೇ ಹುಚ್ಚು, ನಕಾಶೆ ದೋಣಿ. ವರ್ಷಕ್ಕೊಮ್ಮೆ ನಮ್ಮಿಂದ ಉತ್ತರಕ್ಕೆ ಹೋಗಿ, ನೀರಿನಡಿಯ ಮರಳು ಎಲ್ಲಿ ಸರಿದಿದೆ, ನಿಮ್ಮ ಯಾವ ಊರಿನ ಯಾವ ಗೋಪುರ ಈಗ ದೋಣಿಗೆ ಅಪಾಯ ಎಂದು ಗುರುತು ಹಾಕಿಕೊಂಡು ಬರುವ ದೋಣಿ ಅದು. ಹಗ್ಗ ಬಿಚ್ಚಿದ ವರ್ಷದ ಮಕ್ಕಳಲ್ಲಿ ಇಬ್ಬರನ್ನು ಮಾತ್ರ ಅದಕ್ಕೆ ಸೇರಿಸಿಕೊಳ್ಳುತ್ತಾರೆ. ಈ ವರ್ಷದ ಇಬ್ಬರಲ್ಲಿ ಅಕ್ಕಣಿ ಒಬ್ಬಳು. ಹಗ್ಗ ಬಿಚ್ಚದಿದ್ದರೆ ಆ ಜಾಗ ಒಂಬತ್ತನೆಯ ಅಟ್ಟದ ಹುಡುಗನಿಗೆ, ಮತ್ತೆ ಅವಳಿಗೆ ಅದು ಸಿಗುವ ಭರವಸೆ ಇಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ದೇವಕಿಗೆ ನನ್ನಂಥ ತೊಳಲಾಟ ಇರಲಿಲ್ಲ. ಬಿಚ್ಚುಹಬ್ಬ ಹತ್ತಿರ ಬಂದಂತೆ ಅವಳ ಮುಖಕ್ಕೆ ಹತ್ತು ವರ್ಷ ಕಮ್ಮಿಯಾಗುತ್ತಿತ್ತು. ಹನ್ನೆರಡನೆಯ ಅಟ್ಟದಲ್ಲಿ ಅವಳ ತಂಗಿಯಿದ್ದಾಳೆ, ಅಲ್ಲಿಗೆ ಹೋಗಿ ಒಂದು ತಿಂಗಳು ಇದ್ದು ಬರುತ್ತೇನೆ, ಯಾರಿಗೂ ಗಂಜಿ ಕಾಯಿಸುವುದಿಲ್ಲ ಎಂದು ಎಲ್ಲರಿಗೂ ಸಾರಿದ್ದಳು. ನಾನು ಒಂದು ದಿನ, ನಿನಗೆ ಸ್ವಲ್ಪವೂ ಸಂಕಟವಿಲ್ಲವೇ ಎಂದು ಕೇಳಿದ್ದಕ್ಕೆ ಬಲೆಯಿಂದ ತಲೆಯೆತ್ತದೆ, ಸಂಕಟ ಇದೆ, ಆದರೆ ಅದನ್ನು ಹೊತ್ತುಕೊಂಡೇ ತಂಗಿಯ ಮನೆಗೆ ಹೋಗಬಹುದು, ಅದಕ್ಕೆ ಹಗ್ಗ ಬೇಕಾಗಿಲ್ಲ ಎಂದಳು. ಆಮೇಲೆ, ನೀನು ಆ ಹುಡುಗಿಯ ಮುಂದೆ ಮುಖ ಜೋಲು ಹಾಕಿಕೊಂಡು ಕೂರಬೇಡ ಎಂದೂ ಗದರಿಸಿದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾದ ಮಾತನ್ನು ಕೇಳಿದರೆ ನನಗೆ ಮೊದಲಿನಿಂದಲೂ ಸಿಟ್ಟು ಬರುತ್ತದೆ.

ಒಂದು ವಿಷಯ ನಿಮಗೆ ಸಂಬಂಧಪಟ್ಟದ್ದು. ನಮ್ಮ ಮುಳುಗುಗಾರರು ಹೋದ ವರ್ಷ ನಿಮ್ಮ ಯಾವುದೋ ಮನೆಯಿಂದ ಒಂದು ಸಾಗುವಾನಿ ಬಾಗಿಲುವಾಡ ತಂದರು. ಕೆಸರಲ್ಲಿ ಹೂತಿದ್ದರಿಂದ ಹಾಳಾಗಿರಲಿಲ್ಲ. ಅದರ ಮೇಲೆ ಚೂಪಾದ ಯಾವುದರಿಂದಲೋ ಗೀರಿದ ಗೆರೆಗಳು, ಮೂರು ಸಾಲು, ನೆಲದಿಂದ ಮೇಲಕ್ಕೆ. ಮಕ್ಕಳ ಎತ್ತರ ಎಂದು ಎಲ್ಲರಿಗೂ ತಕ್ಷಣ ತಿಳಿಯಿತು. ಎರಡು ಸಾಲುಗಳು ನನ್ನ ಭುಜದವರೆಗೆ ಬಂದಿದ್ದವು, ಮೂರನೆಯದು ಎದೆಯ ಹತ್ತಿರ ನಿಂತುಬಿಟ್ಟಿತ್ತು. ಆ ಮಗು ಸತ್ತಿರಬೇಕು ಎಂದು ಹೆಂಗಸರು ಮರುಗಿದರು. ನನಗೆ ಹಾಗನ್ನಿಸಲಿಲ್ಲ. ಸತ್ತಿರಲಾರದು. ಕೊನೆಯದಾದ್ದರಿಂದ ಅಳೆಯುವವರಿಗೆ ಅಳೆಯಲು ಮನಸ್ಸು ಬರಲಿಲ್ಲ, ಅಷ್ಟೇ. ನಿಮ್ಮ ಕಾಲದ ಬಗ್ಗೆ ನನಗೆ ಯಾವ ಗೌರವವೂ ಇಲ್ಲ, ಆದರೆ ಆ ಗೆರೆ ನಿಲ್ಲಿಸಿದವರು ಯಾರೋ, ಅವರ ಪಕ್ಕದಲ್ಲಿ ಕೂತು ಒಂದು ಎಲೆ ಹಾಕಿಕೊಳ್ಳಬಹುದಿತ್ತು ಅನ್ನಿಸಿದೆ.

ಹಬ್ಬದ ಬೆಳಿಗ್ಗೆ ನಾನು ಅಕ್ಕಣಿಯ ಹಗ್ಗವನ್ನು ಕಟ್ಟೆಗೆ ತೆಗೆದುಕೊಂಡು ಹೋದೆ. ಹದಿಮೂರು ವರ್ಷದ ಹಗ್ಗವಲ್ಲ. ಬೆಳೆದಂತೆ ಹೊಸ ಎಳೆ ಸೇರಿಸುತ್ತ ಬಂದದ್ದು, ಒಳಗಿನ ಎಳೆ ಮಾತ್ರ ಮೊದಲನೆಯದು. ಎಲ್ಲರ ಕಣ್ಣಿಗೆ ಬೀಳುವ ವಸ್ತು, ತೊಳೆದುಕೊಂಡು ಹೋಗೋಣ ಎಂದು ಉಪ್ಪುನೀರಿನ ಬಾನಿಯಲ್ಲಿ ಅದ್ದಿದೆ. ನನಗೆ ನಾನೇ ಹಾಗೆ ಹೇಳಿಕೊಂಡೆ, ತೊಳೆಯುವುದು ಎಂದು. ನಾರಿನ ಹಗ್ಗ ನೀರು ಕುಡಿದರೆ ಉಬ್ಬುತ್ತದೆ, ಗಂಟಿನೊಳಗೆ ಉಬ್ಬಿದರೆ ಒಂದು ಸುತ್ತು ಇನ್ನೊಂದನ್ನು ಕಚ್ಚಿಕೊಳ್ಳುತ್ತದೆ, ಆಮೇಲೆ ಅದನ್ನು ಒಣಗುವವರೆಗೆ ಯಾರಪ್ಪನಿಗೂ ಬಿಚ್ಚಲಾಗುವುದಿಲ್ಲ. ಈ ಮಾತನ್ನು ನನಗಿಂತ ಚೆನ್ನಾಗಿ ತಿಳಿದವನು ಹನ್ನೆರಡು ಅಟ್ಟಗಳಲ್ಲಿ ಇಲ್ಲ. ಆದರೂ ನಾನು ಬಾನಿಯ ಪಕ್ಕದಲ್ಲಿ ಕೂತು, ಕೈಯಿಂದ ಹಗ್ಗವನ್ನು ಮತ್ತೆ ಮತ್ತೆ ಒಳಕ್ಕೆ ಒತ್ತಿದೆ. ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿದಂತೆ ಕಾಣಿಸಿದೆ. ಅದಕ್ಕೂ ನನ್ನ ಬಳಿ ಒಂದು ನೆಪವಿತ್ತು, ಈಗ ಮರೆತುಹೋಗಿದೆ.

ಸಭೆ ಸೇರಿತು. ಅಕ್ಕಣಿ ಅಮ್ಮನ ಹಳೆಯ ಹಸಿರು ಲಂಗ ಮಡಚಿ ಕಟ್ಟಿ ಬಂದು ನನ್ನ ಮುಂದೆ ನಿಂತಳು. ನಾನು ಮಳೆಗಂಟು ಹಾಕತೊಡಗಿದಾಗ ಜನರಲ್ಲಿ ಗುಸುಗುಸು ಹಬ್ಬಿತು. ಯಾರೋ ನಕ್ಕರು, ಸುಕ್ರ ಅಟ್ಟ ಕಟ್ಟುತ್ತಿದ್ದಾನೋ ಮಗಳನ್ನು ಕಟ್ಟುತ್ತಿದ್ದಾನೋ ಎಂದು. ಅಕ್ಕಣಿಯ ಮುಖದಲ್ಲಿ ಮಾತ್ರ ಒಂದು ಬಗೆಯ ಖುಷಿ ಇತ್ತು, ಅದನ್ನು ನಾನು ಆಗ ತಪ್ಪಾಗಿ ಓದಿದೆ. ಅವಳಿಗೆ ಇದು ಎಂಥ ಗಂಟೆಂದು ಗೊತ್ತಿಲ್ಲ, ಪಾಪ, ಎಂದುಕೊಂಡೆ. ಬಟ್ಟಲನ್ನು ತೇಲಿಬಿಟ್ಟರು. ಅವಳು ಎರಡೂ ಕೈ ಗಂಟಿಗೆ ಹಾಕಿದಳು. ಮೊದಲ ಸುತ್ತಿನ ತುದಿಯನ್ನು ಎಳೆದಳು, ಬರಲಿಲ್ಲ. ಉಗುರು ಹಾಕಿ ಎಳೆದಳು. ಗಂಟನ್ನು ಮೂಸಿ ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು, ನಾನು ಕಣ್ಣು ತಪ್ಪಿಸಿದೆ. ಆ ಕ್ಷಣದಲ್ಲಿ ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಬಟ್ಟಲು ಮುಕ್ಕಾಲು ತುಂಬಿತ್ತು. ದೇವಕಿ ಜನರ ನಡುವೆ ಎದ್ದು ನಿಂತಿದ್ದಳು.

ಅಕ್ಕಣಿ ಗಂಟಿನಿಂದ ಕೈ ತೆಗೆದಳು. ಒಂದು ಉಸಿರು ಸುಮ್ಮನಿದ್ದಳು. ನಂತರ ನನ್ನ ಸುತ್ತ ಬಂದು, ನನ್ನ ಬೆನ್ನ ಹಿಂದೆ ನಿಂತು, ನಡುಪಟ್ಟಿಯ ಬೆಣೆಯನ್ನು ಎಳೆದು ಹಾಕಿದಳು. ಇಪ್ಪತ್ತೇಳು ವರ್ಷದ ಪಟ್ಟಿ ನನ್ನ ಸೊಂಟದಿಂದ ಕಳಚಿ ಹಲಗೆಯ ಮೇಲೆ ಸದ್ದು ಮಾಡಿ ಬಿತ್ತು. ಅವಳು ಹಗ್ಗವನ್ನೂ ಪಟ್ಟಿಯನ್ನೂ ಎಳೆದುಕೊಂಡೇ ಉದ್ದ ಹಲಗೆಯನ್ನು ದಾಟಿ ಆಚೆ ನಿಂತಳು. ಬಟ್ಟಲು ಆಗ ಮುಳುಗಿತು. ಯಾರೂ ಕೇಕೆ ಹಾಕಲಿಲ್ಲ, ಹಾಕಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಇದೇನು ಮಾಡಿದೆ ಎಂದು ದುಗ್ಗಮ್ಮ ಈಚೆಯಿಂದ ಕೂಗಿ ಕೇಳಿದಳು.

"ಅಪ್ಪಯ್ಯನ ಗಂಟ್ ಬಿಚ್ಚೂಕ್ ಆಯ್ಲಿಲ್ಲ," ಎಂದಳು ಅಕ್ಕಣಿ. "ಅಪ್ಪಯ್ಯನ್ನ ಬಿಚ್ದೆ."

ಹಿರಿಯರು ಅಲ್ಲೇ ಕೂತು ವಾದ ಮಾಡಿದರು. ಮಗು ಗಂಟು ಬಿಚ್ಚಬೇಕು ಎಂದು ಕೆಲವರು. ಹಗ್ಗದ ಆಚೆ ತುದಿಯಲ್ಲಿ ಯಾರೂ ಇಲ್ಲದೆ ಹಲಗೆ ದಾಟಬೇಕು ಎಂದಷ್ಟೇ ನಿಯಮದಲ್ಲಿದೆ, ಎಲ್ಲಿ ಬಿಚ್ಚಬೇಕು ಎಂದು ಎಲ್ಲೂ ಇಲ್ಲ ಎಂದು ದುಗ್ಗಮ್ಮ. ಬೆನ್ನ ಹಿಂದಿನ ಬೆಣೆಯ ಕಡೆ ಇಷ್ಟು ವರ್ಷ ಯಾವ ಮಗುವಿನ ಬುದ್ಧಿಯೂ ಹೋಗಿರಲಿಲ್ಲ, ಹೊಟ್ಟೆಯ ಮುಂದಿನ ಗಂಟೇ ಎಲ್ಲರ ಕಣ್ಣು ತುಂಬಿರುತ್ತಿತ್ತು. ಕೊನೆಗೆ ಅಕ್ಕಣಿ ಬಿಚ್ಚಿಕೊಂಡಿದ್ದಾಳೆ ಎಂದೇ ತೀರ್ಪಾಯಿತು, ದೋಣಿಯ ಜಾಗ ಉಳಿಯಿತು. ಆಮೇಲೆ ದುಗ್ಗಮ್ಮ ಹಲಗೆ ದಾಟಿ ಹೋಗಿ ಗಂಟನ್ನು ಮುಟ್ಟಿದಳು. ಬೆರಳನ್ನು ನಾಲಿಗೆಗೆ ತಾಗಿಸಿ ನೋಡಿದಳು.

"ಸುಕ್ರಾ," ಎಂದಳು, "ಹಗ್ಗ ಎಂತಕೆ ಒದ್ದಿ ಆಯ್ತ್?"

ತೊಳೆದೆ ಎಂದೆ. ಸಭೆ ನಗಲಿಲ್ಲ. ಹಗ್ಗದ ಸುಕ್ರನೇ ಹಗ್ಗ ಒದ್ದೆ ಮಾಡಿದ ಎಂದರೆ ಇನ್ನು ಯಾರನ್ನು ನಂಬುವುದು ಎಂದು ಒಬ್ಬ ಹಿರಿಯ ಕೇಳಿದ. ಶಿಕ್ಷೆ ಇಷ್ಟು: ಅಟ್ಟಗಳ ಕಟ್ಟು ನೋಡುವ ಕೆಲಸದಿಂದ ಒಂದು ವರ್ಷ ದೂರ, ಮತ್ತು ಈ ಪತ್ರ. ಅಲ್ಲೇ ನಿಂತು ನಾನು ನನಗೆ ತೋಚಿದ್ದನ್ನು ಸಭೆಗೆ ಹೇಳಿದೆ: ಹೌದು, ಒದ್ದೆ ಮಾಡಿದೆ. ನಿಯಮ ಮುರಿದೆ. ನೀವು ಪ್ರತಿ ವರ್ಷ ಇಲ್ಲಿ ಕಡುಬು ತಿನ್ನುತ್ತ, ಮಕ್ಕಳು ಬೆಳೆದವು ಎಂದು ಕುಣಿಯುತ್ತೀರಿ. ಕುಣಿಯಿರಿ, ನನ್ನ ಅಡ್ಡಿಯಿಲ್ಲ. ಆದರೆ ಕೊನೆಯ ಮಗುವಿನ ಹಗ್ಗ ಬಿಚ್ಚಿಕೊಡುವವನೂ ನಗುತ್ತಲೇ ಬಿಚ್ಚಿಕೊಡಬೇಕು ಎಂದು ಯಾವ ಹಿರಿಯ ಬರೆದ? ಇಪ್ಪತ್ತೇಳು ವರ್ಷ ಎಳೆಸಿಕೊಂಡ ಸೊಂಟ ಒಂದು ಬಟ್ಟಲು ಮುಳುಗುವುದರೊಳಗೆ ಒಪ್ಪಿಕೊಳ್ಳಬೇಕೇ? ನಾನು ಒಪ್ಪಲಿಲ್ಲ. ಮುಂದೆಯೂ ಒಪ್ಪುವುದಿಲ್ಲ. ನೀವು ಕ್ಷಮೆ ಎಂದು ಯಾವುದನ್ನು ಕರೆಯುತ್ತೀರೋ ಅದನ್ನು ನಿಮಗೆ ಕೊಡುವುದಿಲ್ಲ. ದೇವಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಅಳುವೋ ನಗುವೋ ನಾನು ಕೇಳಿಲ್ಲ.

ಅಲ್ಲಿಗೆ ಮುಗಿದಿದ್ದರೆ ಈ ಪತ್ರವೂ ಮುಗಿಯುತ್ತಿತ್ತು. ಆದರೆ ದೋಣಿ ಹೊರಡುವುದು ಹಬ್ಬದ ಏಳನೆಯ ದಿನ. ಆರು ದಿನ ಅಕ್ಕಣಿ ಎಳೆಯರ ಅಟ್ಟದಲ್ಲಿ ಮಲಗಿದಳು, ಹಗ್ಗ ಬಿಚ್ಚಿದವರ ಪದ್ಧತಿ ಅದು. ಗಂಟು ಸೊಂಟದಲ್ಲೇ ಇತ್ತು, ಹಗ್ಗವನ್ನು ಸುತ್ತಿ ಭುಜಕ್ಕೆ ಹಾಕಿಕೊಂಡು ಓಡಾಡುತ್ತಿದ್ದಳಂತೆ, ಚಾಕು ಕೊಡಲು ಬಂದವರಿಗೆ ಬೇಡ ಎಂದಳಂತೆ. ನನ್ನನ್ನು ನೋಡಲು ಬರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಕೆಲಸವಿಲ್ಲದ ಕೈಗಳನ್ನು ನೋಡುತ್ತಿದ್ದೆ. ಎದ್ದು ನಡೆದರೆ ಬಲಗಡೆಗೆ ವಾಲುತ್ತಿದ್ದೆ, ಯಾರೋ ಎಡದಿಂದ ಎಳೆಯುತ್ತಾರೆಂಬ ರೂಢಿಗೆ. ಆ ಆರು ದಿನ ಬಿಸಿಲು ಚೆನ್ನಾಗಿತ್ತು.

ಏಳನೆಯ ದಿನ ಮಧ್ಯಾಹ್ನ, ದೋಣಿಗೆ ಸಾಮಾನು ಏರಿಸುವಾಗ, ಅವಳು ಕಟ್ಟೆಗೆ ಬಂದಳು. ಎಂದಿನಂತೆ ನಾರಿನ ಗುಡ್ಡೆಯ ಪಕ್ಕದಲ್ಲಿ ಕೂತಳು. ದೋಣಿಯಲ್ಲಿ ತನಗೆ ಆಳ ಅಳೆಯುವ ಕೆಲಸ ಕೊಟ್ಟಿದ್ದಾರೆ, ಒಂಬತ್ತನೆಯ ಅಟ್ಟದ ಹುಡುಗ ಸಿಟ್ಟಾಗಿದ್ದಾನೆ, ಅಮ್ಮ ಕೊಟ್ಟ ಉಪ್ಪಿನಕಾಯಿ ಜಾಡಿ ಇಡಲು ಜಾಗವಿಲ್ಲ ಎಂದೆಲ್ಲ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅವಳ ಎಡಗೈ ಒಣಗಿದ ಗಂಟಿನ ಮೇಲೆ ಆಡುತ್ತಿತ್ತು. ಅವಳು ಅದರ ಕಡೆ ನೋಡಲಿಲ್ಲ. ಮೊದಲ ಒಳಹಾಯಿಕೆ ಬಂತು, ಎರಡನೆಯದು, ಮೂರನೆಯದನ್ನು ನಾನು ಮಾಡುವಂತೆಯೇ ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿ ಬಿಡಿಸಿದಳು. ಒಂಬತ್ತು ಸುತ್ತುಗಳು ಒಂದರ ಹಿಂದೆ ಒಂದು ಬಿದ್ದವು. ಉಪ್ಪಿನಕಾಯಿ ಜಾಡಿಯ ಮಾತು ಇನ್ನೂ ಮುಗಿದಿರಲಿಲ್ಲ, ಹಗ್ಗ ಅವಳ ಮಡಿಲಲ್ಲಿತ್ತು.

ನಾನು ಆ ಹಗ್ಗವನ್ನು ಕೈಗೆ ತೆಗೆದುಕೊಂಡೆ. ಇದು ಯಾವಾಗ ಕಲಿತೆ ಎಂದು ಕೇಳಿದೆ.

"ಮೂರ್ ವರ್ಷ ಆಯ್ತ್. ನೀನ್ ಕಟ್ಟುದ್ ಕಂಡ್ ಕಂಡೇ ಕಲ್ತೆ," ಎಂದಳು. "ನಂಗೂ ನೀನ್ ಅದನ್ನೇ ಹಾಕ್ತೆ ಅಂತ್ ಗೊತ್ತಿತ್ತ್. ಎಲ್ರ್ ಎದ್ರ್ ಬಿಚ್ಚಿ ನಿಂಗ್ ತೋರ್ಸ್ಕ್ ಅಂತ್ ಇದ್ದೆ."

ಹಿಂದಿನವರೇ, ನನಗೆ ಶಿಕ್ಷೆ ಕೊಟ್ಟದ್ದು ದುಗ್ಗಮ್ಮನಲ್ಲ. ಹನ್ನೆರಡು ಅಟ್ಟಗಳಲ್ಲಿ ಯಾರ ಕೈಗೂ ಬಗ್ಗದ ನನ್ನ ಗಂಟನ್ನು ನನ್ನ ಕೊನೆಯ ಮಗಳು ಇಡೀ ಊರಿನ ಎದುರು ಬಿಚ್ಚಿ ನಿಲ್ಲುವುದನ್ನು ನಾನು ನೋಡಬಹುದಿತ್ತು. ಮೂರು ವರ್ಷ ಅವಳು ಆ ಒಂದು ದಿನಕ್ಕಾಗಿ ನನ್ನ ಕಾಲ ಬುಡದಲ್ಲಿ ಕೂತು ತಯಾರಾಗಿದ್ದಳು. ಒಂದು ಬಾನಿ ಉಪ್ಪುನೀರಿನಲ್ಲಿ ಆ ದಿನವನ್ನು ನಾನೇ ಅದ್ದಿ ತೆಗೆದೆ. ಅವಳ ಮುಂದೆ ಅತ್ತೆ, ಐವತ್ತೆರಡು ವರ್ಷದ ಗಂಡಸು, ನಾರಿನ ಗುಡ್ಡೆಯ ಮೇಲೆ ಕೂತು. ತಪ್ಪಾಯಿತು ಮಗಾ ಎಂದೆ. ಅವಳ ಹತ್ತಿರ ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಅದು ಅವಳದು, ಅಟ್ಟದ ಹಿರಿಯರದ್ದಲ್ಲ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು. ಪಟ್ಟಿಯನ್ನು ಉಗ್ರಾಣಕ್ಕೆ ಕೊಟ್ಟು ಬರುತ್ತೇನೆ, ಸುಕನ್ಯಕ್ಕನಿಗೆ ಬೇಕಾಗುತ್ತದೆ ಎಂದು ಎದ್ದಳು. ದೋಣಿ ಭರತ ಏರುವ ಮೊದಲೇ ಹೊರಟಿತು. ಅವಳು ಆಳದ ಗುಂಡು ಹಿಡಿದು ಮುಂಭಾಗದಲ್ಲಿ ನಿಂತಿದ್ದಳು, ತಿರುಗಿ ನೋಡಿದಳು, ಆಮೇಲೆ ತನ್ನ ಕೆಲಸ ನೋಡಿದಳು.

ಈಗ ದುಗ್ಗಮ್ಮನ ಪ್ರಕಾರ ಇಲ್ಲಿ ಪಶ್ಚಾತ್ತಾಪದ ಸಾಲು ಬರಬೇಕು. ಬರುವುದಿಲ್ಲ. ಬಿಡಲಾರದೆ ಹೋದದ್ದಕ್ಕೆ ನನಗೆ ನಾಚಿಕೆಯಿಲ್ಲ. ಮುಂದಿನ ವರ್ಷ ಕೆಲಸಕ್ಕೆ ಮರಳಿದ ಮೇಲೆ ಊರಿನ ಎಲ್ಲ ಅಪ್ಪ ಅಮ್ಮಂದಿರಿಗೂ ಮಳೆಗಂಟು ಕಲಿಸುತ್ತೇನೆ, ಹಿರಿಯರು ಬೇಡವೆಂದರೂ ಕಲಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಕೊನೆಯ ಮಗುವೊಂದು ಬೆಳೆಯುತ್ತಿದ್ದರೆ, ನಗುತ್ತ ಕಳಿಸಿ ಎಂದು ಹೇಳುವವರ ಮಾತು ಕೇಳಬೇಡಿ. ನಿಮಗೆ ಬರುವ ಗಂಟುಗಳಲ್ಲೆಲ್ಲ ಗಟ್ಟಿಯಾದದ್ದನ್ನೇ ಹಾಕಿ. ಆ ಮಗು ಅದನ್ನು ಯಾವಾಗಲೋ ಕಲಿತು, ನೀವು ನೋಡಲಿ ಎಂದು ಕಾದಿರುತ್ತದೆ. ನಾನು ಬೇಡುವುದು ಒಂದೇ. ಹಗ್ಗವನ್ನು ಒದ್ದೆ ಮಾಡಬೇಡಿ.

ಏಳನೆಯ ಅಟ್ಟದಿಂದ,
ಹಗ್ಗದ ಸುಕ್ರ